ಮಹಾಬಲ ಶೆಟ್ರ ಫ್ಯಾಮಿಲಿ ಪ್ಲಾನು

ದಾರಿಯಲ್ಲಿ ಎದುರಾದವರನ್ನು ಊಟ ಆಯಿತೇ ಎಂದು ಕೇಳುವುದು ನಮ್ಮ ಕಡೆಯ ಮರ್ಯಾದೆ. ತಲ್ಲೂರಿನ ಮಹಾಬಲ ಶೆಟ್ರು ಈ ಮರ್ಯಾದೆಯನ್ನು ಕಾಲಕ್ಕೆ ತಕ್ಕಂತೆ ತಿದ್ದಿಕೊಂಡಿದ್ದರು. "ಹ್ವಾಯ್, ನಿಮ್ದ್ ಇನ್ನೆಷ್ಟ್ ದಿನ ಇತ್ತ್?" ಎಂದು ಕೇಳುತ್ತಿದ್ದರು. ಅವರು ವಿಚಾರಿಸುತ್ತಿದ್ದುದು ಮೊಬೈಲ್ ರೀಚಾರ್ಜಿನ ವಾಯಿದೆಯನ್ನು. ಎದೆಯ ಆಪರೇಷನ್ ಮುಗಿಸಿಕೊಂಡು ಆಗಷ್ಟೇ ಮನೆಗೆ ಬಂದು ಜಗಲಿಯಲ್ಲಿ ಮಲಗಿದ್ದ ನೆರೆಮನೆಯ ಐತಾಳರನ್ನೂ ಹೀಗೆಯೇ ಕೇಳಿದರು. ಐತಾಳರ ಹೆಂಡತಿ ಶೆಟ್ರ ಮುಂದೆ ಇಟ್ಟಿದ್ದ ಎಳನೀರಿನ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು.

ಶೆಟ್ರು ಮುಂಬಯಿಯಲ್ಲಿ ಬಹುಕಾಲ ಹೋಟೆಲು ನಡೆಸಿ, ಅದನ್ನು ಇನ್ನೊಬ್ಬರಿಗೆ ವಹಿಸಿ, ಹೆಂಡತಿ ಜಲಜಕ್ಕನೊಂದಿಗೆ ಊರಿಗೆ ಬಂದು ಶಾಲೆಯ ಮಾಸ್ತರನಾದ ನನ್ನ ಮನೆಯ ಎದುರಿಗೆ ನೆಲೆಸಿದವರು. ಮಕ್ಕಳಿರಲಿಲ್ಲ. ಹೋಟೆಲಿನವನಿಗೆ ಬಿಡುವು ಎಂಬುದು ಒಗ್ಗುವ ವಸ್ತುವಲ್ಲ. ಬಂದ ಕೆಲವೇ ದಿನಗಳಲ್ಲಿ ಮೊಬೈಲ್ ಕಂಪನಿಗಳ ದರಗಳನ್ನು ಹೋಲಿಸಿ ನೋಡುವ ಕಾಯಕಕ್ಕೆ ತಮ್ಮನ್ನು ಅರ್ಪಿಸಿಕೊಂಡರು. ಯಾರೂ ಕೇಳಿಕೊಂಡಿರಲಿಲ್ಲ. ಅಂಗಿಯ ಕಿಸೆಯಲ್ಲಿ ಎರಡು ಫೋನು, ಒಂದೊಂದರಲ್ಲಿ ಎರಡೆರಡು ಸಿಮ್ಮು. ಕಂಪನಿಗಳ ಹೆಸರನ್ನು ಮಾತ್ರ, ಗಂಡನ ಹೆಸರೆತ್ತದ ಹಿಂದಿನ ಕಾಲದ ಹೆಂಗಸರ ಹಾಗೆ, ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನೀಲಿ, ಕೆಂಪು, ಹಳದಿ ಎಂದು ಬಣ್ಣದಿಂದ ಸೂಚಿಸುತ್ತಿದ್ದರು. ಸರಕಾರದ್ದಕ್ಕೆ ಬಣ್ಣವಿರಲಿಲ್ಲ. ಅದು "ನಮ್ದ್". ಆ ಒಂದು ಪದದಲ್ಲಿ, ಓದದ ಮಗನ ಸುದ್ದಿ ಬಂದಾಗ ತಂದೆಯ ದನಿ ತಗ್ಗುವಂತೆ ಅವರ ದನಿ ತಗ್ಗುತ್ತಿತ್ತು.

ಇಡೀ ದೂರಸಂಪರ್ಕ ಶಾಸ್ತ್ರ ಅವರಿಗೆ ಹೋಟೆಲಿನ ಊಟದ ಭಾಷೆಯಲ್ಲಿ ತಿಳಿಯುತ್ತಿತ್ತು. "ಕಾಣಿ ಮಾಷ್ಟ್ರೆ, ದಿನಕ್ಕೆ ಒಂದೂವರೆ ಜಿಬಿ ಅಂದ್ರೆ ಪ್ಲೇಟ್ ಮೀಲ್ಸ್. ಅನ್‌ಲಿಮಿಟೆಡ್ ಅಂದ್ರೆ ಫುಲ್ ಮೀಲ್ಸ್. ಆರೆ ಫುಲ್ ಮೀಲ್ಸ್ ಅಂಬ್ದ್ ಯಾವ ಹೋಟ್ಲಂಗೂ ಇಲ್ಲೆ. ಬೋರ್ಡ್ ಹಾಕದ್ದ್ ನಾನೇ ಅಲ್ದಾ? ಮೂರನೇ ಸಲ ಅನ್ನ ಕೇಂಡ್ರೆ ಬಡ್ಸುವನಿಗೆ ಕೆಮಿ ಕೇಣ್ತಿಲ್ಲೆ. ಇವ್ರದ್ದೂ ಹಾಂಗೇ. ಇಲ್ಲೆ ಅಂಬುದಿಲ್ಲೆ. ಬತ್ತ್ ಬತ್ತ್ ಅಂತ್ರ್. ಬಪ್ಪುದಿಲ್ಲೆ."

ತಿಂಗಳೆಂದರೆ ಇಪ್ಪತ್ತೆಂಟು ದಿನ ಎಂಬ ಕಂಪನಿಗಳ ಪಂಚಾಂಗದ ಬಗ್ಗೆ ಊರಿನವರಿಗೆಲ್ಲ ಸಿಟ್ಟಿತ್ತು. ಶೆಟ್ರಿಗೆ ಭಕ್ತಿಯಿತ್ತು. "ಇಡ್ಲಿ ರೇಟ್ ಏರ್ಸುಕೆ ಹೆದ್ರಿಕೆ ಆರೆ ನಾವ್ ಇಡ್ಲಿ ಸಣ್ಣ ಮಾಡುದ್. ಇವ್ರ್ ತಿಂಗ್ಳನ್ನೇ ಸಣ್ಣ ಮಾಡ್ರಲೆ! ಎಂತಾ ತಲಿ ಮಾರಾಯ್ರೆ!" ಎಂದು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಒಬ್ಬ ಕಲಾವಿದ ಇನ್ನೊಬ್ಬನಿಗೆ ಸಲ್ಲಿಸುವ ಗೌರವ ಅದು.

ಪ್ಲಾನಿನ ದರ ಎಷ್ಟು ಸಸಾರವಾದರೇನು, ಟವರಿಲ್ಲದಿದ್ದರೆ ಅದು ಒಲೆಯಿಲ್ಲದ ಅಡುಗೆಮನೆ ಎಂಬುದು ಅವರ ಇನ್ನೊಂದು ಸಿದ್ಧಾಂತ. ಹಾಗಾಗಿ ಪರಿವೀಕ್ಷಣೆಗೆಂದು ಬಸ್ಸು ಹತ್ತುತ್ತಿದ್ದರು. ಒಮ್ಮೆ ಸಿದ್ದಾಪುರದ ಬಸ್ಸಿನಲ್ಲಿ ನಾನೂ ಜತೆಗಿದ್ದೆ. ಎರಡು ಫೋನುಗಳನ್ನೂ ಆರತಿ ತಟ್ಟೆಯಂತೆ ಕಿಟಕಿಗೆ ಹಿಡಿದು ಕುಳಿತಿದ್ದರು. ಕಂಡಕ್ಟರು "ಎಲ್ಲಿಗೆ ಶೆಟ್ರೆ?" ಎಂದ. "ಕೆಂಪಿಗೆ ಕಡ್ಡಿ ಇಪ್ಪಲ್ಲಿವರಿಗೆ ಕೊಡ್" ಅಂದರು. ಕಂಡಕ್ಟರು ನನ್ನ ಮುಖ ನೋಡಿದ. ನಾನು ಹೊರಗಿನ ರಬ್ಬರು ತೋಟವನ್ನು ನೋಡಿದೆ.

ಇಷ್ಟೆಲ್ಲ ಹುಡುಕಾಟದ ತುದಿಯಲ್ಲಿ ಒಂದೇ ಒಂದು ನಂಬರು ಇತ್ತು, ಅದು ಬೈಂದೂರಿನದು. ಅಲ್ಲಿ ಅವರ ಅಕ್ಕ ಪದ್ದಕ್ಕ ಇದ್ದರು. ಅವರು ತಮ್ಮನ ಜತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಜಗಳ ಆಸ್ತಿಯದ್ದಲ್ಲ, ಪಾಯಸದ್ದು. ಪದ್ದಕ್ಕ ಮಗ ಪ್ರಶಾಂತನ ಮದುವೆಗೆ ತಾವೇ ಹಾಕಿಸಿದ್ದ ಔತಣದಲ್ಲಿ ಹೆಣ್ಣಿನ ಕಡೆಯವರ ಸಾಲಿನಲ್ಲಿ ಕುಳಿತಿದ್ದ ಶೆಟ್ರು, ಒಂದು ಗುಟುಕು ಹೀರಿ, "ಇದ್ ಪಾಯ್ಸ ಅಲ್ಲ, ಪಾತ್ರಿ ತೊಳ್ದ್ ನೀರ್" ಎಂದು ತೀರ್ಪಿತ್ತರು. ಹೋಟೆಲಿನವರ ಪಿಸುಮಾತು ಅಡುಗೆಮನೆಯ ಭಟ್ಟಿಯವರೆಗೆ ಕೇಳುವಂಥದು. ಹೊಸ ಬೀಗರ ಎದುರು ಅಕ್ಕನ ಮರ್ಯಾದೆ ಪಾಯಸಕ್ಕಿಂತ ತೆಳ್ಳಗಾಯಿತು. ಅಂದಿನಿಂದ ಮಾತಿಲ್ಲ.

ಶೆಟ್ರು ಸೋತೆನೆಂದು ಒಪ್ಪುವವರಲ್ಲ, ಕ್ಷಮೆ ಕೇಳುವ ಅಭ್ಯಾಸವೂ ಇರಲಿಲ್ಲ. ನಮ್ಮ ಜಗಲಿಯಲ್ಲಿ ಕುಳಿತು, "ಬೈಂದೂರಂಗೆ ಕೆಂಪು ಹ್ಯಾಂಗಿತ್ತ್ ಕಾಂಬ" ಎಂದು ಅಕ್ಕನ ನಂಬರು ಒತ್ತುತ್ತಿದ್ದರು. ಆ ಕಡೆಯಿಂದ "ಹಲೋ" ಬರುತ್ತಿತ್ತು. ಶೆಟ್ರು ಕೆಮ್ಮುತ್ತಿದ್ದರು. ಕೆಮ್ಮಿನ ಗುರುತು ಹಿಡಿದು ಪದ್ದಕ್ಕ ಫೋನಿಡುತ್ತಿದ್ದರು. "ಕೆಂಪು ಚೂರ್ ವೀಕ್ ಮಾಷ್ಟ್ರೆ, ಕಟ್ ಆತ್ತ್" ಎನ್ನುತ್ತ ನೀಲಿಯಿಂದ ಮಾಡುತ್ತಿದ್ದರು. ಬಣ್ಣಭೇದವಿಲ್ಲದೆ ಎಲ್ಲ ಕಂಪನಿಗಳೂ ಬೈಂದೂರಿನಲ್ಲಿ ಒಂದೇ ಥರ ಕಟ್ಟಾಗುತ್ತಿದ್ದವು.

ಮುಂದೆ ಅದೂ ನಿಂತಿತು. ಪದ್ದಕ್ಕ ರೀಚಾರ್ಜು ಮಾಡಿಸುವುದನ್ನೇ ಬಿಟ್ಟರು. ಒಳಬರುವ ಕರೆಗೂ ದುಡ್ಡು ಕಟ್ಟಬೇಕೆಂದು ಮಗ ಹೇಳಿದಾಗ ಅವರು ಕೇಳಿದ ಪ್ರಶ್ನೆಯನ್ನು ಪ್ರಶಾಂತನೇ ನನಗೆ ಹೇಳಿದ್ದಾನೆ. "ಇನ್ನೊಬ್ರ್ ನನ್ನತ್ರ ಮಾತಾಡುಕೆ ನಾ ಎಂತಕ್ಕ್ ದುಡ್ಡ್ ಕೊಡ್ಕ್? ಬೇಕಾದವ್ರ್ ಕೊಡ್ಲಿ." ಈಗ ಶೆಟ್ರು ಒತ್ತಿದರೆ, ಈ ನಂಬರು ಸೇವೆಯಲ್ಲಿಲ್ಲ ಎಂದು ಯಾರೋ ಹೆಂಗಸು ಮೂರು ಭಾಷೆಗಳಲ್ಲಿ ಹೇಳುತ್ತಿದ್ದಳು. ಶೆಟ್ರು ಮೂರನ್ನೂ ಕೊನೆಯವರೆಗೆ ಕೇಳಿ, "ಕಟ್ ಮಾಡುಕೂ ಜನ ಇಲ್ಲೆ ಮಾಷ್ಟ್ರೆ" ಅಂದರು. ಅವತ್ತು ನಮ್ಮಲ್ಲಿ ಕಾಫಿ ಕುಡಿಯದೆ ಎದ್ದು ಹೋದರು.

ಆ ಮೇಲೆಯೇ ಅವರು ಫ್ಯಾಮಿಲಿ ಪ್ಲಾನನ್ನು ಕಂಡುಹಿಡಿದದ್ದು. ನಾಲ್ಕು ನಂಬರು, ಒಂದೇ ಬಿಲ್ಲು, ಜಿಬಿಯೆಲ್ಲ ಒಂದೇ ಹಂಡೆಯಲ್ಲಿ. "ನಾಕ್ ಜನ ಆರೆ ತಲಿಗೆ ಬೀಳು ಖರ್ಚ್ ಕಾಣಿ, ಸೀದಾ ಹಿಸಾಬ್!" ಎಂದು ಊರೆಲ್ಲ ಸಾರಿದರು. ತಲೆಗೆ ಬೀಳುವ ಖರ್ಚಿಗಾಗಿ ಅಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಬ್ರಹ್ಮಾವರದಲ್ಲಿ ಬೇಕರಿ ಇಟ್ಟಿದ್ದ ಪ್ರಶಾಂತನಿಗೂ ಗೊತ್ತಿತ್ತು. ಅವನು ತಾಯಿಗೆ, "ನಾಕೂ ನಂಬ್ರಕ್ಕೆ ಯಜಮಾಂತಿ ನೀನೇ ಅಂಬ್ರ್" ಎಂದು ಹೇಳಿ ಹೇಗೋ ಕುಂದಾಪುರದ ಮೊಬೈಲ್ ಅಂಗಡಿಗೆ ಕರೆದುಕೊಂಡು ಬಂದ. ಪದ್ದಕ್ಕ ಬಂದರು, ಆದರೆ ಬೆಂಚಿನ ಆ ತುದಿಯಲ್ಲಿ ಕುಳಿತು, ಫೋನು ಹಿಡಿದು ನಗುತ್ತಿದ್ದ ರಟ್ಟಿನ ನಟನನ್ನೇ ದಿಟ್ಟಿಸತೊಡಗಿದರು. ಈ ತುದಿಯಲ್ಲಿ ಶೆಟ್ರು, ಜಲಜಕ್ಕ, ಸಾಕ್ಷಿಗೆಂದು ನಾನು.

ಅಂಗಡಿಯ ಹುಡುಗಿ ಕೇಳಿದಳು, "ಫ್ಯಾಮಿಲಿ ಅಂದ್ರೆ ಯಾರೆಲ್ಲ ಅಂಕಲ್? ಆಂಟಿ, ಮಕ್ಕಳು?"

"ಹೆಂಡ್ತಿ ಹ್ಯಾಂಗ್ ಫ್ಯಾಮಿಲಿ ಆತ್ಲ್ ಹೆಣೆ?" ಶೆಟ್ರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅವ್ಳ್ ಅವ್ಳ ಅಣ್ಣನ ಫ್ಯಾಮಿಲಿ. ನಮ್ಮದ್ ಅಳಿಯಕಟ್ಟ್. ನನ್ ಫ್ಯಾಮಿಲಿ ಅಂದ್ರೆ ಅಕ್ಕ, ಅಕ್ಕನ ಮಗ. ಪ್ರೈಮರಿ ಅಂಬ್ದ್ ಅಕ್ಕನ ಹೆಸ್ರಂಗೇ ಆಯ್ಕ್."

ತಾಯಿಯ ಕಡೆಯಿಂದ, ಅಕ್ಕತಂಗಿಯರ ಮಕ್ಕಳಿಂದ ಕುಟುಂಬ ಎಣಿಸುವ ಆ ಹಳೆಯ ಕಟ್ಟು ಕಾನೂನಿನ ಪುಸ್ತಕದಿಂದ ಯಾವಾಗಲೋ ಎದ್ದು ಹೋಗಿದೆ. ಶೆಟ್ರ ತಲೆಯಿಂದ ಎದ್ದಿರಲಿಲ್ಲ. "ಅಂಕಲ್, ಪ್ರೈಮರಿ ನಿಮ್ಮದೇ ಇರ್ಲಿ, ಇಲ್ಲದಿದ್ರೆ ಆಮೇಲೆ..." ಎಂದು ಹುಡುಗಿ ಏನೋ ಎಚ್ಚರಿಸಲು ಹೋದಳು. "ಹಿರೀರ್ ಇಪ್ಪಾಗ ನಾ ಯಜಮಾನ ಆಪುದಾ?" ಎಂದು ಶೆಟ್ರು ಗದರಿದರು.

ಜಲಜಕ್ಕ ಸೆರಗು ಸರಿಮಾಡಿಕೊಂಡು, "ಹಾಂಗಾರೆ ರಾತ್ರಿ ಗಂಜಿಗೂ ನಿಮ್ ಫ್ಯಾಮಿಲಿ ಹತ್ರವೇ ಹೋಪುದ್ ಒಳ್ಳೇದ್" ಎಂದರು.

ಹುಡುಗಿ ಗಾಬರಿಯಿಂದ, "ಆಂಟಿಯನ್ನ ಆಡ್-ಆನ್ ಅಂತ ಸೇರಿಸ್ಬಹುದು" ಎಂದಳು. ಶೆಟ್ರು ಒಂದು ಕ್ಷಣ ಧರ್ಮಸೂಕ್ಷ್ಮವನ್ನು ಚಿಂತಿಸಿ, "ಹ್ಞಾಂ, ಅದ್ ಸಮ" ಎಂದು ಒಪ್ಪಿದರು. ಆಮೇಲೆ ಯಾರು ಪರಿಚಯ ಕೇಳಿದರೂ ಜಲಜಕ್ಕ "ನಾನ್ ಇವ್ರ ಆಡಾನ್" ಎಂದೇ ಹೇಳುತ್ತಿದ್ದರು.

ಅಷ್ಟರಲ್ಲಿ ಬೆಂಚಿನ ಆ ತುದಿಯಿಂದ, "ಹೆಣೆ, ಆ ಜನಕ್ಕೆ ಹೇಳ್, ನಂಗೆ ಫ್ರೀ ಸಿನ್ಮಾ ಎಲ್ಲ ಬ್ಯಾಡ" ಎಂದು ಕೇಳಿಸಿತು.

"ಅಕ್ಕಂಗೆ ಹೇಳ್," ಈ ತುದಿಯಿಂದ ಶೆಟ್ರು, "ಬ್ಯಾಡ ಅಂದ್ರೂ ರೇಟ್ ಅಷ್ಟೇ. ಊಟದೊಟ್ಟಿಗೆ ಬೀಡ ಫ್ರೀ ಅಂದ್ರೆ ಬೀಡದ ದುಡ್ಡ್ ಸಾಂಬಾರಂಗೇ ಇತ್ತ್."

"ಬೀಡದ ವಿಷ್ಯ ಸಾಕ್. ಪಾಯ್ಸದ ವಿಷ್ಯ ತೆಗೀಲಿ ಕಾಂಬ ಅಂತ ಹೇಳ್."

ಶೆಟ್ರು ತಲೆ ತಗ್ಗಿಸಿದರು. ಪಾಯಸ ಯಾವ ಪ್ಲಾನಿನಲ್ಲಿ ಬರುತ್ತದೆಂದು ಹುಡುಗಿ ಕಂಪ್ಯೂಟರಿನಲ್ಲಿ ಹುಡುಕುವಂತೆ ಕಂಡಿತು. ಪದ್ದಕ್ಕ ಹೆಬ್ಬೆಟ್ಟೊತ್ತಿ, ತಮ್ಮನ ಕಡೆ ತಿರುಗದೆ, ಮಗನ ಬೈಕು ಹತ್ತಿ ಹೋದರು.

ಹುಡುಗಿ ಹೇಳಹೊರಟಿದ್ದ ಎಚ್ಚರಿಕೆ ಏನೆಂಬುದು ಅದೇ ವಾರ ತಿಳಿಯಿತು. ಈ ಪ್ಲಾನಿನಲ್ಲಿ ಯಾರು ಏನೇ ಬದಲಿಸಬೇಕಾದರೂ, ಚೂರು ಹೆಚ್ಚು ಡೇಟಾ ಹಾಕಿಸಬೇಕಾದರೂ, ಒಟಿಪಿ ಹೋಗುವುದು ಯಜಮಾಂತಿಯ ಫೋನಿಗೆ. ಜಗತ್ತಿನ ಸಮಸ್ತ ಪ್ಲಾನುಗಳ ಗುಟ್ಟು ತಿಳಿದ ಶೆಟ್ರು ಅಳಿಯಕಟ್ಟನ್ನು ನಂಬಿ ತಮ್ಮ ಜುಟ್ಟನ್ನು ಬೈಂದೂರಿಗೆ ಕೊಟ್ಟುಬಿಟ್ಟಿದ್ದರು. ಮೊದಲ ಒಟಿಪಿಗೆ ಅವರು ಫೋನು ಮಾಡಿದ್ದು ನಮ್ಮ ಜಗಲಿಯಿಂದಲೇ. ಸ್ಪೀಕರು ಹಾಕಿದ್ದರು.

"ಅಕ್ಕ... ನಂಬ್ರ ಬಂತಾ?"

ಆ ಕಡೆ ಕನ್ನಡಕ ಹುಡುಕುವ ಸದ್ದು. ಆಮೇಲೆ, "ಎಂಟ್. ನಾಕ್. ಸೊನ್ನೆ. ಒಂದ್. ಒಂದ್. ಏಳ್." ಕಟ್.

ಶೆಟ್ರ ಮುಖ ಅರಳಿತು. "ಅಕ್ಕ ಮಾತಾಡ್ತ್ಲ್ ಮಾಷ್ಟ್ರೆ!"

"ನಂಬರು ಓದಿದರು ಶೆಟ್ರೆ."

"ಅಲ್ಲ. ಎರಡ್ನೇ ಒಂದ್ ಅಂಬಾಗ ಸ್ವರ ಚೂರ್ ಮೆದು ಆಯ್ತ್. ನೀವ್ ಸಮ ಕೇಣ್ಲಿಲ್ಲೆ."

ಅದಾದ ಮೇಲೆ ಶೆಟ್ರಿಗೆ ಮೇಲಿಂದ ಮೇಲೆ ಒಟಿಪಿ ಬೇಕಾಗತೊಡಗಿತು. ಒಂದು ಪ್ಯಾಕು ಹಾಕುವುದು, ಮರುದಿನ ತೆಗೆಯುವುದು. ಹೀಗಿರುವಾಗ ಒಂದು ದಿನ ಆರನೆಯ ಅಂಕಿಯಾದ ಮೇಲೆ ಫೋನು ಕಟ್ಟಾಗಲಿಲ್ಲ. "ಉಂಡ್ಯಾ?" ಎಂಬ ಪ್ರಶ್ನೆ ಬಂತು. ಒಂದೇ ಪದ, ಅದೂ ಬೈಗುಳದ ಧಾಟಿಯಲ್ಲಿ. ಶೆಟ್ರು ಫೋನನ್ನು ಜಲಜಕ್ಕನ ಕೈಗೆ ಕೊಟ್ಟು ಬಾವಿಕಟ್ಟೆಯ ಕಡೆ ಹೋದರು. ಸಿಗ್ನಲ್ಲು ಸಿಗಲಿಲ್ಲವೆಂದು ಆಮೇಲೆ ವಿವರಣೆ ಕೊಟ್ಟರು.

ಬರಬರುತ್ತ ಒಟಿಪಿಯ ನೆಪವೂ ಬೇಡವಾಯಿತು. ದಿನಾ ಬೆಳಿಗ್ಗೆ ವಿಡಿಯೋ ಕರೆ. ಪದ್ದಕ್ಕನಿಗೆ ಫೋನು ಹಿಡಿಯುವ ಕ್ರಮ ತಿಳಿಯದೆ ಅವರ ಹಣೆಯೂ ಮನೆಯ ಫ್ಯಾನೂ ಮಾತ್ರ ಕಾಣುತ್ತಿದ್ದವು. ಶೆಟ್ರು ಆ ಫ್ಯಾನಿನ ಜತೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಒಂದು ಹಬ್ಬದ ದಿನ ಪದ್ದಕ್ಕ ಪಾಯಸದ ಪಾತ್ರೆಯನ್ನೇ ಫೋನಿಗೆ ಹಿಡಿದು, "ಹ್ಯಾಂಗಿತ್ತ್ ಹೇಳ್ ಕಾಂಬ ಮಾಬ್ಲ" ಎಂದರು. "ಬಣ್ಣ ಕಂಡ್ರೇ ಗೊತ್ತಾತ್ತ್ ಅಕ್ಕ, ಫಸ್ಟ್ ಕ್ಲಾಸ್!" ಎಂದರು ಶೆಟ್ರು. ರುಚಿ ನೋಡದೆ ಅವರು ಹೊಗಳಿದ ಅಡುಗೆ ನಾನು ಕಂಡಂತೆ ಅದೊಂದೇ.

ಈ ರಾಮರಾಜ್ಯದಲ್ಲಿ ಒಂದೇ ಕೊರತೆ. ಹಂಡೆಯ ಜಿಬಿ ಯಾವ ತಿಂಗಳೂ ಕೊನೆಯವರೆಗೆ ಬರುತ್ತಿರಲಿಲ್ಲ. ಶೆಟ್ರು ವಿಚಾರಣಾ ಆಯೋಗ ಕೂರಿಸುತ್ತಿದ್ದರು. "ಯಾರೋ ಕದ್ದ್ ಮುಕ್ತಾ ಇದ್ರ್!" ಜಲಜಕ್ಕನ ಧಾರಾವಾಹಿಯ ಮೇಲೆ ಗುಮಾನಿ, ಪ್ರಶಾಂತನ ಬೇಕರಿಯ ಮೇಲೆ ಹೆಚ್ಚಿನ ಗುಮಾನಿ. ಅಕ್ಕನಿಗೆ ದೂರು ಹೋಗುತ್ತಿತ್ತು, ಅಕ್ಕ ಮಗನಿಗೆ ಬೈಯುತ್ತಿದ್ದರು. "ನಾ ಬನ್ ಮಾರುದಾ, ನೆಟ್ ಕಾಂಬುದಾ ಮಾವ?" ಎಂದು ಅವನು ಅಳುವ ದನಿ ಮಾಡುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಶೆಟ್ರು ಊಟ ಮಾಡಿ ಮಲಗಿದವರು ಏಳಲಿಲ್ಲ. ಕಾಯಿಲೆ, ಆಸ್ಪತ್ರೆ, ಮುನ್ಸೂಚನೆ ಏನೂ ಇಲ್ಲ. ಸುದ್ದಿ ಕೇಳಿ ಪದ್ದಕ್ಕ ಬಂದರು. ಮದುವೆಯ ಆ ದಿನದ ಮೇಲೆ ಅಕ್ಕ ತಮ್ಮನ ಮುಖವನ್ನು ಎದುರಿನಿಂದ ನೋಡಿದ್ದು ಆಗಲೇ ಎಂದು ನನಗೆ ಹೊಳೆದದ್ದು ತಡವಾಗಿ.

ಬೊಜ್ಜ, ಉತ್ತರಕ್ರಿಯೆಯೆಲ್ಲ ಮುಗಿದು ಒಂದು ತಿಂಗಳಾದ ಮೇಲೆ ಜಲಜಕ್ಕನನ್ನು ಕರೆದುಕೊಂಡು ಬೈಂದೂರಿಗೆ ಹೋಗಿದ್ದೆ. ಪ್ರಶಾಂತನೂ ಬಂದಿದ್ದ. ತಾಯಿಯ ಫೋನಿಗೆ ಬಿಲ್ಲಿನ ಮೆಸೇಜು ಬಂತು. ಅವನು ನೋಡಿದ, ಮತ್ತೊಮ್ಮೆ ನೋಡಿದ.

"ಅಮ್ಮ, ಈ ಸಲ ಜಿಬಿ ಅರ್ಧಕ್ಕಿಂತ ಹೆಚ್ಚ್ ಉಳ್ದಿತ್ತ್."

ಜಲಜಕ್ಕ ಕುಳಿತಲ್ಲಿಂದಲೇ, "ಉಳೀದೆ ಎಂತ? ಮುಕ್ತಿದ್ದದ್ದ್ ಇವ್ರೇ" ಎಂದರು. "ದಿನಾ ಉಂಡ್ಕಂಡ್ ಚಾದರ ಹೊದ್ಕಂಡ್ ವಿಡಿಯೋ ಕಾಂಬುದ್. ಯಾವ ಪ್ಲಾನ್ ಸಸಾರ ಅಂದೇಳಿ ಒಬ್ಬ ಹೇಳುದ್, ಅದ್ ಸುಳ್ಳ್ ಅಂದೇಳಿ ಇನ್ನೊಬ್ಬ ಹೇಳುದ್. ಮುಗೂದೇ ಇಲ್ಲೆ."

ಜಿಬಿ ಉಳಿಸುವ ವಿದ್ಯೆಯನ್ನು ಕಲಿಯಲು ಶೆಟ್ರು ನಾಲ್ಕು ಜನರ ಜಿಬಿಯನ್ನು ಹೋಮ ಮಾಡಿದ್ದರು. ಪದ್ದಕ್ಕನಿಗೆ ವಿಷಯ ತಲೆಗೆ ಹೋಗಲು ತುಸು ಹೊತ್ತು ಹಿಡಿಯಿತು. ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಕಳ್ಳಾ! ನನ್ ಕೈಯಂಗೆ ನನ್ ಮಗನಿಗೇ ಬೈಸದ್ದಲ್ದಾ!" ನಗುತ್ತಲೇ ಮಗನ ಕೈಯಿಂದ ಫೋನು ಕಿತ್ತುಕೊಂಡರು, ಯಾರನ್ನೋ ಈಗಿಂದೀಗಲೇ ತರಾಟೆಗೆ ತೆಗೆದುಕೊಳ್ಳುವವರ ಹಾಗೆ. ಬೆರಳು ತಮ್ಮನ ನಂಬರಿನ ಮೇಲೆ ಹೋಗಿ ಅಲ್ಲಿಯೇ ನಿಂತಿತು.

ಸೆರಗಿನಿಂದ ಕಣ್ಣೊರೆಸಿಕೊಂಡು, ಫೋನನ್ನು ಮಗನಿಗೆ ವಾಪಸು ಕೊಡುತ್ತ ಹೇಳಿದರು:

"ಇಷ್ಟ್ ಉಳ್ಸಿಟ್ ಹೋದ. ಇನ್ನ್ ಇದ್ರಂಗೆ ನಾ ಯಾರ್ ಮೋರೆ ಕಾಂಬುದ್?"