ಅಮ್ಮನ ಕಾಲಿನಿಂದ ಸೋರುತ್ತಿದ್ದ ನೀರು

ಅಪ್ಪ ಚೆನ್ನೈಯ ಪೆರಂಬೂರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಆ ಹೋಟೆಲಿನ ಗಾಜಿನ ಭರಣಿಗಳಿಗೆ ಬೇಕಾದ ಚಕ್ಕುಲಿ, ಕೋಡುಬಳೆಗಳನ್ನು ಅಮ್ಮ ಮೂವತ್ತು ವರ್ಷ ಮನೆಯಲ್ಲೇ ಕರಿದು ಕೊಟ್ಟಳು. ದಿನವಿಡೀ ಬಾಣಲೆಯ ಮುಂದೆ ನಿಂತೇ ಇರುತ್ತಿದ್ದಳು. ಅವಳ ಕಾಲಿನ ನರಗಳು ಉಬ್ಬಿ ಗಂಟುಗಂಟಾಗಿದ್ದನ್ನು ನಾವೆಲ್ಲ ನೋಡಿದ್ದೆವು. ಯಾರೂ ಏನೂ ಮಾಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವಳನ್ನು ಕ್ರೋಂಪೇಟೆಯ ನಮ್ಮ ಫ್ಲಾಟಿಗೆ ಕರೆದುಕೊಂಡು ಬಂದೆ. ಎಡ ಪಾದದ ಗಂಟಿನ ಒಳಬದಿಯಲ್ಲಿ ನಾಣ್ಯದಷ್ಟಿದ್ದ ಹುಣ್ಣು ಆ ವರ್ಷ ಅಂಗೈಯಷ್ಟಾಯಿತು. ಅದರಿಂದ ಹಳದಿ ನೀರು ಸೋರತೊಡಗಿತು. ಬೆಳಿಗ್ಗೆ ಕಟ್ಟಿದ ಹತ್ತಿ, ಬ್ಯಾಂಡೇಜು ಬಟ್ಟೆ ಮಧ್ಯಾಹ್ನದೊಳಗೆ ತೊಯ್ದು, ಒದ್ದೆ ಸೀರೆಯ ಅಂಚಿಗೆ ಹತ್ತುತ್ತಿತ್ತು. ಕೊನೆಗೆ ನನ್ನ ಸ್ಯಾನಿಟರಿ ಪ್ಯಾಡುಗಳನ್ನೇ ಇಟ್ಟು ಕಟ್ಟಿದೆ.

"ಛೇ, ಇದನ್ನಾ?" ಎಂದು ಅಮ್ಮ ಮುಖ ತಿರುಗಿಸಿದಳು. ಆದರೂ ಕಾಲು ಚಾಚಿದಳು.

ಅದೇ ದಿನಗಳಲ್ಲಿ ನಾವು ಹೊಸ ಸೋಫಾ ಕೊಂಡೆವು. ತಿಳಿ ಬಣ್ಣದ್ದು. ಒಂದು ಮಧ್ಯಾಹ್ನ ಅಮ್ಮ ಕೂರಲು ಬರುವ ಮೊದಲು ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಹಳೆಯ ಬೆಡ್‌ಶೀಟ್ ಮಡಿಸಿ ಹಾಕಿದೆ. ಕೂತ ಕೂಡಲೇ ಪ್ಲಾಸ್ಟಿಕ್ ಪರಪರ ಎಂದಿತು. ಅಮ್ಮ ನನ್ನ ಮುಖ ನೋಡಿದಳು. ಮರುದಿನದಿಂದ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರತೊಡಗಿದಳು.

"ಅಲ್ಲೆಂತ ಅಮ್ಮ, ಬಿಸಿಲು!"

"ಇಲ್ಲಿ ಗಾಳಿ ಉಂಟು ಮಗಾ."

ಮೇ ತಿಂಗಳ ಚೆನ್ನೈಯಲ್ಲಿ ಎಲ್ಲಿಯ ಗಾಳಿ? ನನಗೆ ಗೊತ್ತಿತ್ತು. ಆದರೂ ಒಳಗೆ ಬಾ ಎಂದು ಒತ್ತಾಯಿಸಲಿಲ್ಲ.

ನನ್ನ ಮಗಳ ಆರನೆಯ ಹುಟ್ಟುಹಬ್ಬಕ್ಕೆ ಮನೆ ತುಂಬ ಜನ. ಅಮ್ಮ ಬಾಗಿಲ ಬಳಿ ನಿಂತು ಕೇಕ್ ಕತ್ತರಿಸುವುದನ್ನು ನೋಡುತ್ತಿದ್ದಳು. ಕಟ್ಟಿನಿಂದ ಇಳಿದ ನೀರು ಪಾದದ ಮೇಲೆ ಹರಿದು ಬಿಳಿಯ ಟೈಲ್ಸಿನ ಮೇಲೆ ನಿಂತಿತ್ತು. ಅದನ್ನು ಮೊದಲು ಕಂಡವಳು ಮಗಳೇ. ಅವಳಿಗೆ ಮನೆಯಲ್ಲೂ ತಮಿಳೇ ಬಾಯಿಗೆ ಬರುವುದು.

"ಅಜ್ಜಿ, ತಣ್ಣಿ ಕೊಟ್ಟಿಡುಚ್ಚಾ?" ನೀರು ಚೆಲ್ಲಿತಾ ಎಂದು ಗಟ್ಟಿಯಾಗಿ ಕೇಳಿದಳು.

"ಹೌದು ಮಗಾ, ನೀರೇ," ಎಂದು ಅಮ್ಮ ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದಳು.

ನಾನು ಅವಳ ಹಿಂದೆ ಹೋಗಲಿಲ್ಲ. ಬಂದವರತ್ತ ನಗುತ್ತ ಮೊದಲು ನೆಲ ಒರೆಸಿದೆ. ಎಲ್ಲರೂ ಹೋದ ಮೇಲೆ ನೋಡಿದರೆ, ಅಮ್ಮ ಬಚ್ಚಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ಕಾಲಿನ ಬಟ್ಟೆಗಳನ್ನು ತಾನೇ ತೊಳೆಯುತ್ತಿದ್ದಳು.

"ನನ್ನ ಹತ್ರ ವಾಸನೆ ಬರ್ತದಾ? ನಿಜ ಹೇಳು."

"ಇಲ್ಲಮ್ಮ," ಎಂದೆ. ಬರುತ್ತಿತ್ತು.

ಆ ವಾರವೇ ಅವಳನ್ನು ಗಾಯಗಳನ್ನೇ ನೋಡುವ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆ. ಡಾಕ್ಟರು ಕಾಲಿನ ರಕ್ತದ ಓಡಾಟ ಪರೀಕ್ಷಿಸಿ, ಬಿಗಿ ಬ್ಯಾಂಡೇಜು ಕಟ್ಟಬಹುದು ಎಂದರು. ಕಟ್ಟುವುದನ್ನು ನನಗೆ ಕಲಿಸಿದವಳು ಅಲ್ಲಿನ ನರ್ಸ್, ನನಗಿಂತ ಚಿಕ್ಕವಳು. ಹುಣ್ಣಿನ ಸುತ್ತ ಚರ್ಮ ನೀರಲ್ಲಿ ನೆನೆದ ಬೆರಳಿನಂತೆ ಬೆಳ್ಳಗಾಗಿದ್ದುದನ್ನು ತೋರಿಸಿ, ಒದ್ದೆಯನ್ನು ಅಲ್ಲೇ ಬಿಟ್ಟರೆ ಗಾಯ ದೊಡ್ಡದಾಗುತ್ತ ಹೋಗುತ್ತದೆ ಎಂದಳು. ಸುತ್ತಲೂ ಮುಲಾಮು ಸವರಿ, ಸ್ಪಂಜಿನಂಥ ದಪ್ಪ ಪ್ಯಾಡ್ ಇಟ್ಟು, ಕಾಲ್ಬೆರಳಿನ ಬುಡದಿಂದ ಮೊಣಕಾಲಿನವರೆಗೆ ಸುತ್ತಿದಳು. ಪ್ಯಾಡಿನಲ್ಲಿ ಒದ್ದೆ ಅಂಚಿನ ಹತ್ತಿರ ಬರುವ ಮೊದಲೇ ಬದಲಾಯಿಸಬೇಕು, ಕೂತಾಗ ಕಾಲು ಎತ್ತರದಲ್ಲಿರಬೇಕು ಎಂದು ಹೇಳಿಕೊಟ್ಟಳು. ಅಮ್ಮನಿಗೆ ತಮಿಳಿನಲ್ಲಿ, "ಇದು ನಿಮ್ಮ ತಪ್ಪಲ್ಲಮ್ಮ," ಎಂದಳು. ಅಮ್ಮ ಅತ್ತಳು. ಅಷ್ಟು ದಿನದಲ್ಲಿ ಆ ಮಾತನ್ನು ನಾನು ಹೇಳಿರಲಿಲ್ಲ.

ಅಂದು ಸಂಜೆಯವರೆಗೂ ಸೀರೆ ಒಣಗಿಯೇ ಇತ್ತು. ಅಮ್ಮ ಮತ್ತೆ ಮತ್ತೆ ಅಂಚು ಮುಟ್ಟಿ ನೋಡಿಕೊಂಡಳು. ಮೊದಲು ದಿನಕ್ಕೊಮ್ಮೆ, ಆಮೇಲೆ ಮೂರು ದಿನಕ್ಕೊಮ್ಮೆ ಕಟ್ಟು ಬಿಚ್ಚುವಂತಾಯಿತು. ವಾಸನೆ ಹೋಯಿತು. ಹುಣ್ಣು ನಿಧಾನವಾಗಿ ಸುತ್ತಲಿಂದ ಕಿರಿದಾಯಿತು.

ನಾನು ಸೋಫಾದ ಪ್ಲಾಸ್ಟಿಕ್ ತೆಗೆದು ಬಿಸಾಡಿದೆ. "ಒಳಗೆ ಬಾ ಅಮ್ಮ, ಕಾಲು ಮೇಲಿಟ್ಟು ಕೂರು."

"ನಂಗೆ ಇಲ್ಲೇ ಅಭ್ಯಾಸ ಆಯ್ತು," ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಕ್ಷಮೆ ಕೇಳಬಹುದಿತ್ತು. ಬಾಲ್ಕನಿಗೆ ಒಂದು ಸ್ಟೂಲ್ ತಂದಿಟ್ಟು, ಅವಳ ಕಾಲನ್ನು ಅದರ ಮೇಲಿಟ್ಟೆ. ಸೋಫಾದಲ್ಲಿ ಅವಳು ಮತ್ತೆಂದೂ ಕೂರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅವಳ ಹೃದಯ ನಿಂತಿತು. ಹುಣ್ಣು ಆಗ ಹೆಬ್ಬೆರಳಿನ ಉಗುರಿನಷ್ಟು ಉಳಿದಿತ್ತು.

ಸ್ನಾನ ಮಾಡಿಸುವಾಗ, ಪೆರಂಬೂರಿನಿಂದ ಬಂದಿದ್ದ ಚಿಕ್ಕಮ್ಮ ಕಾಲಿನ ಕಟ್ಟು ಬಿಚ್ಚಿದರು. ಮೈ ಒರೆಸಿದ ಮೇಲೆ ನಾನು ಹೊಸ ಪ್ಯಾಡ್ ತಂದೆ.

"ಇನ್ನು ಎಂತಕ್ಕೆ ಮಗಾ?"

"ಸೀರೆ ಒದ್ದೆಯಾದ್ರೆ ಅಮ್ಮನಿಗೆ ನಾಚಿಕೆ ಆಗ್ತದೆ ಚಿಕ್ಕಮ್ಮ."

ಚಿಕ್ಕಮ್ಮ ಕಾಲನ್ನು ಎತ್ತಿ ಹಿಡಿದರು. ನಾನು ಬೆರಳಿನ ಬುಡದಿಂದ ಸುತ್ತಲು ಶುರುಮಾಡಿದೆ.