ನೆಲಕ್ಕೆ ಕಾಲಿಡಲು ಬಿಡದ ಆರೈಕೆ

2023ರಲ್ಲಿ ನಾನು ಕಾರ್ಕಳದ ಸುತ್ತಮುತ್ತ ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್ ಆಗಿದ್ದೆ. ಕುಕ್ಕುಂದೂರಿನ ಎಪ್ಪತ್ತೆರಡರ ಸುಮತಿಯಕ್ಕ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮಣಿಪಾಲದಲ್ಲಿ ಹೆಮಿಆರ್ತ್ರೋಪ್ಲಾಸ್ಟಿ, ಅಂದರೆ ತೊಡೆಮೂಳೆಯ ಮುರಿದ ತಲೆಯನ್ನು ತೆಗೆದು ಲೋಹದ್ದನ್ನು ಕೂರಿಸುವ ಶಸ್ತ್ರಚಿಕಿತ್ಸೆ, ಚೆನ್ನಾಗಿಯೇ ಆಗಿತ್ತು. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದ್ದರು. ಮನೆಗೆ ಬಂದ ಮೇಲೆ ನಡೆಸುವ ಕೆಲಸ ನನ್ನದು.

ಸುಮತಿಯಕ್ಕನಿಗೆ ಬೇಕಾಗಿದ್ದದ್ದು ಒಂದೇ: ಶೌಚಕ್ಕೆ ತಾನೇ ಹೋಗಿಬರಬೇಕು. ಮೊದಲ ದಿನ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನನಗೆ ಪಾಠ ಹೇಳಿಕೊಟ್ಟವರನ್ನೂ ಸೇರಿಸಿ ಬೈದರು. ಒಂಬತ್ತನೆಯ ದಿನ ಒಬ್ಬರೇ ಹೋಗಿ ಬಂದು, "ಇನ್ನು ನನಗೆ ಯಾರ ಹಂಗೂ ಇಲ್ಲ ಮಾರಾಯ್ತಿ" ಎಂದು ನಕ್ಕರು. ಹೊರಡುವಾಗ ನಾನು ಅವರ ಮಗಳು ವಾರಿಜಳಿಗೆ, "ಜಾಗ್ರತೆ, ಇನ್ನೊಮ್ಮೆ ಬಿದ್ದರೆ ಕಷ್ಟ ಉಂಟು" ಎಂದೆ. ಎಲ್ಲ ಮನೆಗಳಲ್ಲೂ ಹೇಳುತ್ತಿದ್ದ ಮಾತು ಅದು.

ಮರುದಿನವೇ ನನಗೆ ಡೆಂಗಿ ಜ್ವರ. ಮೂರು ವಾರ ಹಾಸಿಗೆ ಹಿಡಿದೆ. ಫೋನ್ ಮಾಡಿದಾಗಲೆಲ್ಲ "ಅಮ್ಮ ಆರಾಮ ಇದ್ದಾರೆ" ಎಂಬ ಉತ್ತರ. ನಡೆಯುತ್ತಾರಾ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಹೋಗಿ ನೋಡಿದರೆ ಸುಮತಿಯಕ್ಕ ಚಾವಡಿಯ ಮಂಚದಲ್ಲಿ, ಡಯಾಪರ್ ಕಟ್ಟಿಕೊಂಡು ಮಲಗಿದ್ದರು. ವಾಕರ್ ಅಟ್ಟ ಸೇರಿತ್ತು. ನಮ್ಮಲ್ಲಿ ರೋಗಿಯನ್ನು ನೋಡಲು ಬರುವವರು ಬಿಸ್ಕತ್ತಿನ ಜೊತೆ ತೀರ್ಪನ್ನೂ ತರುತ್ತಾರೆ. ಬನ್ನಂಜೆಯಿಂದ ಬಂದು ಉಳಿದಿದ್ದ ಸುಮತಿಯಕ್ಕನ ತಂಗಿ ಹೆಮ್ಮೆಯಿಂದಲೇ ಹೇಳಿದರು:

"ಮಗಳು ಇದ್ದೂ ಅಕ್ಕ ನಡೆದು ಹೋಗುವುದಾ? ನೋಡಿದವರು ಎಂತ ಹೇಳಿಯಾರು? ನಾನು ಬಂದ ಮೇಲೆ ಒಂದು ಹೆಜ್ಜೆ ನೆಲಕ್ಕೆ ಇಡಲು ಬಿಡಲಿಲ್ಲ."

ವಾರಿಜಳತ್ತ ತಿರುಗಿದೆ. ಅವಳು ಮೆಲ್ಲಗೆ, "ನೀವೇ ಹೇಳಿದ್ದಲ್ವಾ, ಬಿದ್ದರೆ ಕಷ್ಟ ಅಂತ?" ಎಂದಳು.

ಎಬ್ಬಿಸಲು ನೋಡಿದೆ. ತೊಡೆಯ ಸ್ನಾಯು ಕರಗಿಹೋಗಿತ್ತು, ಮೊಣಕಾಲು ಮಡಚಿಯೇ ನಿಂತಿತ್ತು, ಬೆನ್ನಿನ ಕೆಳಗೆ ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು. ಉಳಿದವರು ಒಳಗೆ ಹೋದಾಗ, ನಡೆಯಬೇಕೆಂದು ನೀವಾದರೂ ಯಾಕೆ ಹಟ ಹಿಡಿಯಲಿಲ್ಲ ಎಂದು ಸುಮತಿಯಕ್ಕನನ್ನು ಕೇಳಿದೆ.

"ಇಷ್ಟು ಚಂದ ನೋಡಿಕೊಳ್ಳುವಾಗ ಬೇಡ ಅಂತ ಹೇಗೆ ಹೇಳುವುದು?" ಎಂದು ಮುಖ ಗೋಡೆಗೆ ತಿರುಗಿಸಿದರು.

ಎರಡು ತಿಂಗಳು ದಿನವೂ ಹೋದೆ. ಅವರು ಮತ್ತೆ ನಿಲ್ಲಲಿಲ್ಲ. ಶ್ವಾಸಕೋಶದ ಸೋಂಕಿನಿಂದ ತೀರಿಕೊಂಡರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಕುಳಿತಿದ್ದಾಗ ಪಂಕ್ತಿಯಲ್ಲಿದ್ದವರೆಲ್ಲ ವಾರಿಜಳನ್ನು ಹೊಗಳುತ್ತಿದ್ದರು: ಮಗಳೆಂದರೆ ಹೀಗಿರಬೇಕು, ತಾಯಿಯನ್ನು ಹೂವಿನ ಹಾಗೆ ನೋಡಿಕೊಂಡಳು. ವಾರಿಜ ಅಳುತ್ತಾ ಬಡಿಸುತ್ತಿದ್ದಳು. ನಾನು ತಲೆ ತಗ್ಗಿಸಿ ಊಟ ಮುಗಿಸಿದೆ.

ಈಗ ಹೊಸ ರೋಗಿಯ ಮನೆಗೆ ಹೋದರೆ ಮೊದಲು ಕಾಲನ್ನು ಪರೀಕ್ಷಿಸುವುದಿಲ್ಲ. ನೋಡಿಕೊಳ್ಳುವವರನ್ನು ಪಕ್ಕಕ್ಕೆ ಕರೆದು, "ಇವರನ್ನು ನಡೆಸಿದರೆ ನಿಮ್ಮನ್ನು ಬೈಯುವವರು ಯಾರು?" ಎಂದು ಕೇಳುತ್ತೇನೆ. ಆ ಹೆಸರು ಹೇಳಲು ಯಾರೂ ಒಂದು ಕ್ಷಣವೂ ಯೋಚಿಸಿದ್ದಿಲ್ಲ. ಚಿಕಿತ್ಸೆ ಆ ಹೆಸರಿನವರಿಂದಲೇ ಶುರು.