ಅವ್ವನ ಬಾಯಲ್ಲಿದ್ದ ಹನ್ನೆರಡು ಪದ

ನನ್ನ ತಮ್ಮ ಕ್ರಿಕೆಟ್ ಮೇಲೆ ಬಾಜಿ ಕಟ್ಟುತ್ತಿದ್ದ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಕುರುಗೋಡಿನಲ್ಲಿ ನಮ್ಮ ಓಣಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದವನು ಅವನೊಬ್ಬನೇ.

ಕೆಲಸದಲ್ಲಿ ಅವನು ಜಾಣ. ದಿನಾ ಬೈಕ್ ಹತ್ತಿ ಸಿರುಗುಪ್ಪಕ್ಕೆ ಹೋಗುತ್ತಾನೆ, ರೈತರ ಭತ್ತವನ್ನು ರೈಸ್ ಮಿಲ್ಲುಗಳಿಗೆ ಕೊಡಿಸುತ್ತಾನೆ. ಒಂದು ಹಿಡಿ ಭತ್ತ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ನುಚ್ಚು ಎಷ್ಟು ಬಂದೀತು ಎಂದು ಹೇಳಿಬಿಡುತ್ತಾನೆ. ಅದೇ ಅಂಗೈಗೆ ಮೊಬೈಲ್ ಬಂದರೆ ಮಾತ್ರ ಅವನ ಬುದ್ಧಿ ಎಲ್ಲಿ ಮೇಯಲು ಹೋಗುತ್ತಿತ್ತೋ ಶಿವನೇ ಬಲ್ಲ. ನಾನು ಅವನಕ್ಕ, ಬಳ್ಳಾರಿಯಲ್ಲಿ ಟೈಪಿಂಗ್ ಅಂಗಡಿ ಇಟ್ಟುಕೊಂಡವಳು. ಬಾಯಿ ಜೋರು ಅನ್ನುತ್ತಾರೆ. ಇಂಥ ತಮ್ಮ ಇದ್ದರೆ ಯಾರ ಬಾಯಿ ಮೆತ್ತಗಿರುತ್ತದೆ ಹೇಳಿ?

ದುಡ್ಡಿಟ್ಟು ಆಡುವ ಆ್ಯಪುಗಳೆಲ್ಲ ಬಂದ್ ಎಂದು ಟಿವಿಯಲ್ಲಿ ಬಂದಾಗ ಅವ್ವ ಬಸಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಪೀಡೆ ತೊಲಗಿತು ಎಂದು ಮನೆಮಂದಿಗೆಲ್ಲ ಕೊಬ್ಬರಿ ಹಂಚಿದಳು. ನಮ್ಮ ಮಹಾರಾಯ ಅಷ್ಟರಲ್ಲೇ ಬೇರೆ ದಾರಿ ಹುಡುಕಿಕೊಂಡಿದ್ದ. ಅದರ ಹೆಸರು ಕ್ರಿಪ್ಟೊ, ಅವನ ಬಾಯಲ್ಲಿ ಬರೀ ಕಾಯಿನ್.

"ನಾ ಕಾಯಿ ಒಡಿಸಿ ಬಂದ್ರ ಇವ ಕಾಯಿನ್ ತಂದು ಕುಂತಾನ ನೋಡವ್ವ," ಎಂದು ಅವ್ವ ನನಗೆ ಫೋನಿನಲ್ಲಿ ಹೇಳಿದಳು.

ಏನದು ಎಂದು ನಾನೇ ಸಿರುಗುಪ್ಪದ ಮಿಲ್ಲಿಗೆ ಹೋಗಿ ಅವನನ್ನು ಕೇಳಿದೆ. ಬೈಯುವುದಕ್ಕೂ ವಿಷಯ ಗೊತ್ತಿರಬೇಕಲ್ಲ.

"ಅಕ್ಕ, ಇದು ಕಣ್ಣಿಗಿ ಕಾಣಂಗಿಲ್ಲ, ಕೈಗಿ ಸಿಗಂಗಿಲ್ಲ. ಆದ್ರ ಐತಿ. ಜಗತ್ತಿನ ಯಾವ ಮೂಲ್ಯಾಗ ಇದ್ರೂ ಕರದ್ರ ಬರ್ತೈತಿ," ಎಂದ.

"ರೊಕ್ಕದ ಬಗ್ಗೆ ಹೇಳಾಕತ್ತೀಯೋ, ದೇವ್ರ ಬಗ್ಗೆ ಹೇಳಾಕತ್ತೀಯೋಲೇ?"

ಬೈದೆ ನಿಜ, ಆದರೆ ಅವನು ಮಾಡಿ ತೋರಿಸಿದಾಗ ನನ್ನ ಮೈ ಜುಮ್ಮೆಂದಿತು. ಯಾರೋ ಮುಖ ಕಾಣದವನಿಗೆ ರೂಪಾಯಿ ಕಳಿಸಿದ, ಅವನಿಂದ ಕಾಯಿನ್ ಬಂತು. ಅದನ್ನು ಹೆಸರು ಕೇಳದ ಯಾವುದೋ ದೇಶದ ಬೆಟ್ಟಿಂಗ್ ಸೈಟಿಗೆ ಹಾಕಿದ. ಸಿರುಗುಪ್ಪದ ಮಿಲ್ಲಿನ ಮುಂದೆ, ಭತ್ತದ ಚೀಲದ ಮೇಲೆ ಕೂತವನ ರೊಕ್ಕ ನಾನು ಚಹದ ಗ್ಲಾಸು ಕೆಳಗಿಡುವಷ್ಟರಲ್ಲಿ ಸಮುದ್ರ ದಾಟಿತ್ತು. ಬ್ಯಾಂಕಿಲ್ಲ, ಮ್ಯಾನೇಜರಿಲ್ಲ, ಸಹಿ ಇಲ್ಲ. ಏನು ಕಾಲ ಬಂತಪ್ಪಾ ಎಂದು ಬಾಯಿ ತೆರೆದುಕೊಂಡು ನೋಡಿದೆ. ಆಮೇಲೆ ಬೈಗುಳ ಮುಂದುವರಿಸಿದೆ.

ಆ ರೊಕ್ಕ ಅವನದಾಗಿರಲಿಲ್ಲ ಎಂಬುದು ತಡವಾಗಿ ತಿಳಿಯಿತು. ಅವನ ಹೆಂಡತಿ ಮನೆಯಲ್ಲೇ ಜೀನ್ಸ್ ಹೊಲಿಯುತ್ತಾಳೆ. ಬಳ್ಳಾರಿಯಿಂದ ಕತ್ತರಿಸಿದ ಬಟ್ಟೆ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತದೆ, ಪ್ಯಾಂಟಾಗಿ ವಾಪಸ್ ಹೋಗುತ್ತದೆ. ಸ್ವಂತಕ್ಕೆ ಪವರ್ ಮಷಿನ್ ತಗೊಂಡು, ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಒಂದು ಯೂನಿಟ್ ಹಾಕಬೇಕೆಂದು ಆಕೆ ವರ್ಷಗಟ್ಟಲೆ ಕೂಡಿಟ್ಟಿದ್ದಳು. ಅದಷ್ಟನ್ನೂ ಇವನು ಕಾಯಿನ್ ಮಾಡಿ, ಹೆಚ್ಚುಕಡಿಮೆ ಎಲ್ಲ ಸೋತಿದ್ದ.

ಗೊತ್ತಾದಾಗ ಆಕೆ ಅಳಲಿಲ್ಲ, ಕೂಗಲಿಲ್ಲ. ನಾನಾಗಿದ್ದರೆ ಓಣಿ ಕೂಡಿಸುತ್ತಿದ್ದೆ. ಆಕೆ ಅರ್ಧ ಹೊಲಿದ ಪ್ಯಾಂಟನ್ನು ಮಷಿನ್ನಿನಿಂದ ಬಿಡಿಸಿ ಗಂಟು ಕಟ್ಟಿದಳು.

"ನನ್ನ ದುಡಿಮಿ ವಾಪಸ್ ಬರೂತನಕ ನಾ ಮಷಿನ್ ತುಳಿಯಂಗಿಲ್ಲ. ಬರಂಗಿಲ್ಲ ಅಂತ ಗೊತ್ತಾದ ದಿನ ರಾರಾವಿಗಿ ಹೋಗ್ತೀನಿ. ಕರಿಯಾಕ ಬರಬ್ಯಾಡ್ರಿ," ಎಂದಳು. ರಾರಾವಿ ಆಕೆಯ ತವರು. ಆಕೆ ಹೇಳಿದ ಮೇಲೆ ಮಾಡುವವಳೇ. ನಮ್ಮ ಮನೆಯ ಆಧಾರವೇ ಹೋಗುತ್ತದೆ ಎಂದು ನನಗೂ ಅವ್ವನಿಗೂ ದಿಗಿಲಾಯಿತು.

ಬಸಪ್ಪನ ದಯೆಯೋ ಏನೋ, ಮುಂದಿನ ಒಂದು ಮ್ಯಾಚಿನಲ್ಲಿ ಹೋದದ್ದೆಲ್ಲ ಒಮ್ಮೆಲೇ ತಿರುಗಿ ಬಂತು. ಆದರೆ ಮೊಬೈಲಿನೊಳಗೆ ಕಾಯಿನ್ ಆಗಿಯೇ ಕೂತಿತ್ತು. ರೂಪಾಯಿ ಮಾಡಿಕೊಳ್ಳೋಣವೆಂದರೆ ಅವನ ಬ್ಯಾಂಕ್ ಖಾತೆಗೆ ತಡೆ ಬಿದ್ದಿತ್ತು. ಇವನಿಗೆ ಕಾಯಿನ್ ಮಾರಿದವನ ಮೇಲೆ ಯಾವುದೋ ಪೊಲೀಸ್ ಕೇಸಿತ್ತು, ಅವನಿಗೆ ರೂಪಾಯಿ ಕಳಿಸಿದ್ದಕ್ಕೆ ಇವನ ಖಾತೆಯೂ ಸಿಕ್ಕಿಕೊಂಡಿತ್ತು. ಖಾತೆ ಬಿಡುಗಡೆಯಾಗುವವರೆಗೆ ಕಾಯಬೇಕು. ಕಾಯುವ ದಿನಗಳಲ್ಲೆಲ್ಲ ಮ್ಯಾಚುಗಳಿದ್ದವು.

"ಅಕ್ಕ, ನನ್ನ ಮ್ಯಾಲೆ ನನಗ ನಂಬಿಕಿ ಇಲ್ಲ," ಎಂದು ಫೋನಿನಲ್ಲಿ ಅತ್ತ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ.

ಆಗ ಅವನು ಮಾಡಿದ್ದನ್ನು ನೆನೆದರೆ ಈಗಲೂ ಸೋಜಿಗ. ಮೊಬೈಲಿನಲ್ಲಿ ಕಾಯಿನ್ ಇಡುವ ಆ್ಯಪಿಗೆ ವ್ಯಾಲೆಟ್ ಅನ್ನುತ್ತಾರೆ, ಆ ಪೆಟ್ಟಿಗೆಗೆ ಬೀಗದ ಕೈ ಎಂದರೆ ಹನ್ನೆರಡು ಇಂಗ್ಲಿಷ್ ಪದ. ಫೋನಿನಿಂದ ಅದನ್ನು ಅಳಿಸಿ ಹಾಕಿದರೂ ಪರವಾಗಿಲ್ಲ, ಆ ಹನ್ನೆರಡನ್ನು ಅದೇ ಸಾಲಿನಲ್ಲಿ ಯಾವ ಫೋನಿನಲ್ಲಿ ಒತ್ತಿದರೂ ರೊಕ್ಕ ಎದ್ದು ಬರುತ್ತದೆ. ಒಂದೇ ಒಂದು ತಪ್ಪಿದರೂ ಬರುವುದಿಲ್ಲ. ಯಾವ ಸಾಹೇಬನ ಕಾಲು ಹಿಡಿದರೂ ಬರುವುದಿಲ್ಲ. ತಮ್ಮ ಆ ಪದಗಳನ್ನು ಅವ್ವನಿಗೆ ಬಾಯಿಪಾಠ ಮಾಡಿಸಿದ. ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ! ಒಂದೊಂದಕ್ಕೂ ಅರ್ಥ ಹೇಳಿಕೊಟ್ಟ. ಮಂಕಿ ಅಂದರೆ ಮಂಗ್ಯಾ, ಆನಿಯನ್ ಅಂದರೆ ಉಳ್ಳಾಗಡ್ಡಿ, ಅಂಬ್ರೆಲಾ ಅಂದರೆ ಛತ್ರಿ. ಅವ್ವನಿಗೆ ಪೂರ್ತಿ ಬಂದ ಮೇಲೆ ಚೀಟಿಯನ್ನು ನೀರೊಲೆಗೆ ಹಾಕಿದ, ಫೋನಿನಲ್ಲಿದ್ದದ್ದನ್ನೂ ಅಳಿಸಿದ. ಅವನ ತಲೆಯಲ್ಲಿ ಕ್ರಿಕೆಟ್ ಸ್ಕೋರು ಬಿಟ್ಟರೆ ಬೇರೇನೂ ನಿಲ್ಲುವುದಿಲ್ಲ, ಅದು ಆಗ ಒಳ್ಳೆಯದೇ ಆಯಿತು.

"ಅವ್ವ, ನಾನ ಬಂದು ಕಾಲಿಗಿ ಬಿದ್ರೂ ಹೇಳಬ್ಯಾಡ," ಎಂದ.

"ನೀ ಯಾವಾಗ ನನ್ನ ಕಾಲಿಗಿ ಬಿದ್ದೀಯಪ್ಪ? ಬೀಳು, ನೋಡೂಣಂತ," ಎಂದಳು ಅವ್ವ.

ಮರೆಯಬಾರದೆಂದು ಅವ್ವ ದಿನಾ ಬೆಳಿಗ್ಗೆ ಪೂಜೆಯಲ್ಲೇ ಅವನ್ನು ಹೇಳಿಕೊಳ್ಳತೊಡಗಿದಳು. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು. ವಚನ ಹೇಳುವ ಅದೇ ರಾಗದಲ್ಲಿ "ಮಂಕೀ, ಆನಿಯನ್ನೂ..." ಎಂದು ಶುರುವಾಗುತ್ತಿತ್ತು. ಬೇರೆ ಯಾರೂ ಕೇಳಬಾರದೆಂಬ ಕಟ್ಟಪ್ಪಣೆ ಇದ್ದದ್ದರಿಂದ, ನಾನು ಅಲ್ಲಿ ಉಳಿದ ದಿನ ಎದ್ದು ಅಂಗಳಕ್ಕೆ ಹೋಗುತ್ತಿದ್ದೆ. ಅಲ್ಲಿ ನಿಂತು ನನಗೆ ಕೈಮುಗಿಯಬೇಕೆನಿಸುತ್ತಿತ್ತು, ಯಾರಿಗೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಸಮುದ್ರ ದಾಟಿ ಹೋಗಿಬಂದ ರೊಕ್ಕ, ಒಂದು ಹೆಣ್ಣಿನ ವರ್ಷಗಳ ದುಡಿಮೆ, ಒಂದು ಸಂಸಾರ, ಎಲ್ಲವೂ ಒಬ್ಬ ಮುದುಕಿಯ ಉಸಿರಿನಲ್ಲಿ ನಿಂತಿತ್ತು. ಅವ್ವ ಕೆಮ್ಮಿದರೆ ಮನೆಯೇ ನಡುಗುತ್ತಿತ್ತು. ಗಂಡನ ಜೊತೆ ಮಾತು ಬಿಟ್ಟಿದ್ದ ಸೊಸೆ ಅತ್ತೆಗೆ ಅರಿಶಿನದ ಹಾಲು ಕಾಸಿ ತಂದುಕೊಟ್ಟು, "ಅತ್ತಿ, ಹನ್ನೆರಡೂ ಅದಾವಿಲ್ರಿ?" ಎಂದು ಮೆಲ್ಲಗೆ ಕೇಳುತ್ತಿದ್ದಳು.

ಒಂದು ಭಾನುವಾರ ನಾನು ಹೋದಾಗ ತಮ್ಮ ಊಟ ಬಿಟ್ಟು ಕೂತಿದ್ದ. ಮಧ್ಯಾಹ್ನಕ್ಕೆ ದೊಡ್ಡ ಮ್ಯಾಚು. ಕಣ್ಣು ಕೆಂಪಗೆ, ಕಾಲು ಒಂದೇ ಸಮ ಅಲುಗುತ್ತಿತ್ತು. ಕಡೆಗೆ ಎದ್ದು ಬಂದವನೇ ಅವ್ವನ ಕಾಲಿಗೆ ಬಿದ್ದುಬಿಟ್ಟ.

"ಇವತ್ತೊಂದ ಮ್ಯಾಚ್, ಅವ್ವ. ಎರಡರಷ್ಟು ಮಾಡಿ ಎದ್ದು ಬಿಡ್ತೀನಿ. ಬಸಪ್ಪನ ಆಣಿ!"

"ನಾಚ್ಗಿ ಇಲ್ಲೇನ್ಲೇ ನಿನಗ? ಆ ಬಸಪ್ಪನ್ನ ಎಷ್ಟು ಸಲ ಮಾರತೀಯಲೇ?" ಎಂದು ನಾನು ಮೈಮೇಲೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಒಳಗೆ ಹೋಗಿ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಅವ್ವ ಮಗನ ತಲೆಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ, "ಹೇಳ್ತೀನಿ. ಒತ್ತು," ಎಂದಳು.

"ಅವ್ವಾ!" ಎಂದು ಕಿರುಚಿದೆ.

"ನೀ ಸುಮ್ಮನಿರು. ಅವ ಇಟ್ಟಾನ, ಅವ ಕೇಳಾಕತ್ತಾನ," ಎಂದು ಅವ್ವ ಕಣ್ಣು ಮುಚ್ಚಿದಳು.

ಒಂದೊಂದೇ ಪದ ಬಂತು, ತಮ್ಮ ಒಂದೊಂದೇ ಒತ್ತಿದ. ಮಂಕಿ, ಆನಿಯನ್, ರಿವರ್. ಫೋನು ಎಲ್ಲವನ್ನೂ ಒಪ್ಪಿಕೊಳ್ಳುತ್ತಾ ಹೋಯಿತು. ಅಂಬ್ರೆಲಾ ಆದ ಮೇಲೆ ಅವ್ವ "ಮನಿ" ಎಂದಳು. ಅಲ್ಲಿಗೆ ನಿಂತಿತು. ಅಂಥ ಪದವೇ ಇಲ್ಲ ಎಂದಿತು ಫೋನು.

"ಮನಿ ಇಲ್ಲಂತವ್ವ. ಸರಿಯಾಗಿ ನೆನಸ್ಕೋ."

"ಮನೀನ," ಎಂದಳು ಅವ್ವ, ಕಣ್ಣು ತೆರೆಯದೆ.

ತಮ್ಮ ನನ್ನ ಕಡೆ ತಿರುಗಿದ. ಇಂಗ್ಲಿಷ್ ಟೈಪು ಮಾಡಿ ಅನ್ನ ತಿನ್ನುವವಳು ನಾನು, ಮನಿ ಅಂದ್ರ ರೊಕ್ಕ, ಎಮ್ ಓ ಎನ್ ಇ ವೈ ಎಂದು ಅಕ್ಷರ ಬಿಡಿಸಿ ಹೇಳಿದೆ. ಅದನ್ನೂ ಒಪ್ಪಲಿಲ್ಲ. ಮೂನ್ ಇರಬಹುದೆಂದು ಒತ್ತಿದ, ಮತ್ತೊಮ್ಮೆ ಮಂಕಿ ಒತ್ತಿದ, ಪೆಟ್ಟಿಗೆ ತೆರೆಯಲಿಲ್ಲ. ಅಷ್ಟರಲ್ಲಿ ಮ್ಯಾಚು ಶುರುವಾಯಿತು, ಮುಗಿಯಿತು. ಅವನು ಬಾಜಿ ಕಟ್ಟಬೇಕೆಂದಿದ್ದ ಟೀಮು ಗೆದ್ದುಬಿಟ್ಟಿತು. ಹಾಳಾದ್ದು, ಸೋತಿದ್ದರಾದರೂ ಅವನಿಗೆ ಸಮಾಧಾನವಾಗುತ್ತಿತ್ತು.

ಆದರೆ ಅವನು ಅತ್ತದ್ದು ಮ್ಯಾಚಿಗಲ್ಲ. ಅವ್ವನಿಗೆ ಒಂದು ಪದ ಮರೆತಿದೆ, ಇನ್ನು ಏನೂ ಬರುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ಹೆಂಡತಿಯ ಮುಂದೆ ಹೋಗಿ, "ಹೋತು. ಎಲ್ಲಾ ಹೋತು. ನೀ ಹೋಗಾಕ ನಿಂತೀ, ತಡಿಯಾಕ ನನಗ ಯಾವ ಮುಖ ಐತಿ?" ಎಂದ. ಆಕೆ ಚೀಲ ಎತ್ತಿಕೊಂಡು ಬಾಗಿಲ ತನಕ ಬಂದಳು. ಅವ್ವನ ಮುಖ ನೋಡಿದಳು. ಅಲ್ಲಿ ಏನು ಕಂಡಳೋ, "ಅತ್ತಿಗಿ ಮರ್ತಿಲ್ಲ," ಎಂದು ಚೀಲವನ್ನು ಗೋಡೆಗೆ ಒರಗಿಸಿದಳು. ಬಿಚ್ಚಲಿಲ್ಲ.

ಮುಂದಿನ ದಿನಗಳಲ್ಲಿ ತಮ್ಮ ಬಾಯಿ ಸತ್ತವನ ಹಾಗೆ ಸಿರುಗುಪ್ಪಕ್ಕೆ ಹೋಗಿ ಬರುತ್ತಿದ್ದ. ಆಡಲು ಏನೂ ಉಳಿದಿರಲಿಲ್ಲ. ಮೊದಲು ಸ್ಕೋರು ನೋಡುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಹೊಟ್ಟೆ ತುಂಬ ಊಟ ಮಾಡತೊಡಗಿದ. ಖಾತೆಯ ತಡೆ ತೆರವಾಯಿತು ಎಂದು ಬ್ಯಾಂಕಿನವರು ಹೇಳಿದ ಸಂಜೆಯೂ, "ಇದ್ದು ಏನ್ ಮಾಡೂದೈತಿ," ಎಂದಷ್ಟೇ ಅಂದ. ಆ ದಿನ ನಾನೂ ಅಲ್ಲೇ ಇದ್ದೆ.

ಅವ್ವ ಅವನನ್ನು ಕರೆಯಲಿಲ್ಲ. ಸೊಸೆಯನ್ನು ಕರೆದಳು. "ಬಾರವ್ವ, ನಿನ್ನ ಫೋನ್ ತಗೊಂಡು ಬಾ. ನೀ ಒತ್ತು."

ಮತ್ತೆ ಅದೇ ಪದಗಳು, ಅದೇ ರಾಗ. ಅಂಬ್ರೆಲಾ ಆಯಿತು. "ಮನಿ," ಎಂದಳು ಅವ್ವ.

ಸೊಸೆ ಒತ್ತಲಿಲ್ಲ. ತಲೆ ಎತ್ತಿ, "ಅತ್ತಿ, ಯಾವ ಮನಿ?" ಎಂದು ಕೇಳಿದಳು.

ಅವ್ವ ಕೂತಲ್ಲೇ ನೆಲವನ್ನು ಕೈಯಿಂದ ತಟ್ಟಿದಳು. "ಇದ. ಈ ಮನಿ."

ಅಯ್ಯೋ ಶಿವನೇ! ಇಂಗ್ಲಿಷಿನ ಸಾಲಿನಲ್ಲಿ ಬಂದದ್ದೆಲ್ಲ ಇಂಗ್ಲಿಷೇ ಎಂದು ನಮ್ಮ ಕಿವಿ ನಂಬಿತ್ತು. ಹುಟ್ಟಿದಾಗಿನಿಂದ ಮನೆಗೆ ಮನಿ ಎನ್ನುವ ನಾವು! ಆಕೆ 'ಹೋಮ್' ಎಂದು ಒತ್ತಿದಳು. ಫೋನು ಒಪ್ಪಿತು. ಉಳಿದ ಪದಗಳೂ ಆದವು. ಗಾಳಿಯೊಳಗೆಲ್ಲೋ ಇದ್ದ ಆಕೆಯ ದುಡಿಮೆ ಅಂಗೈಯಗಲದ ಗಾಜಿನ ಮೇಲೆ ಬಂದು ನಿಂತಿತು. ಆಕೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಗ ಅತ್ತಳು. ನನಗೂ ತಡೆಯಲಾಗಲಿಲ್ಲ.

"ಹೋಮ್ ಅಂತ ಕಲಿಸಿದ್ದೆನಲ್ಲವ್ವ ನಿನಗ!" ಎಂದ ತಮ್ಮ.

"ನಿನ್ನ ಮುಂದ ಹಂಗಽ ಅಂದೀನಿ. ಆಮ್ಯಾಲೆ ಪೂಜ್ಯಾಗ ಕುಂತು, ಅಂಗೈಯಾಗ ಲಿಂಗ ಹಿಡಕೊಂಡು, ದಿನಾ ಹೋಮ ಹೋಮ ಅನ್ನಾಕ ಆಗ್ತೈತೇನ? ನಮ್ಮ ಮನಿತನದಾಗ ಯಾರು ಹೋಮ ಮಾಡ್ಯಾರ? ಅದಕ್ಕ ಅರ್ಥಾನ ಹೇಳಾಕತ್ತಿದ್ದೆ."

ತಮ್ಮನಿಗೆ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡ. "ಹಂಗಾರ ಅವತ್ತು, ನಾ ಕಾಲಿಗಿ ಬಿದ್ದಾಗ, ಯಾಕ ಬಿಡಿಸಿ ಹೇಳಲಿಲ್ಲವ್ವ?"

ಅವ್ವ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡಳು.

"ಅವತ್ತೂ ಮನೀನ ಅಂದೆಪ್ಪ. ನಿನಗ ರೊಕ್ಕ ಅಂತ ಕೇಳಿಸ್ತು."